ಕೇಸರಿ ಪಟ್ಟಿ ಮಾತ್ರ ಯಾಕೆ ಹರಿಯಿತು?

ಪ್ರಶ್ನೆ: ಬೆಟಗೇರಿಯಲ್ಲಿ ಕೊಂಡ ಕೈಮಗ್ಗದ ಹತ್ತಿ ಪರದೆ, ಕೇಸರಿ–ನೀಲಿ ಪಟ್ಟಿಯದು. ಪಶ್ಚಿಮದ ಕಿಟಕಿಗೆ ಬಹಳ ದಿನ ಹಾಕಿದ್ದೆವು, ಆಮೇಲೆ ಟ್ರಂಕಿನಲ್ಲಿಟ್ಟೆವು. ಮೊನ್ನೆ ಸೋಡಾ ಹಾಕಿ ಕುದಿಸಿ ಒಗೆದರೆ ಕೇಸರಿ ಪಟ್ಟಿಯೆಲ್ಲ ಚಿಂದಿ! ಬಣ್ಣ ಮಾತ್ರ ಹಾಗೇ ಇದೆ. ನೂಲೇ ಕಳಪೆಯೇ? – ಓದುಗರು, ಗದಗ

ಉತ್ತರ: ನೇಕಾರರನ್ನು ಬೈಯಬೇಡಿ. ನೂಲು ಕಳಪೆಯಾಗಿದ್ದರೆ ನೀಲಿ ಪಟ್ಟಿಯೂ ಹೋಗಬೇಕಿತ್ತು, ಅಲ್ವಾ? ನೀವು ಹೇಳಿದ್ದನ್ನು ನೋಡಿದರೆ ಇದು ಬಿಸಿಲು ಮತ್ತು ಆ ಬಣ್ಣ ಸೇರಿ ಮಾಡಿದ ಕೆಲಸ. ಬಣ್ಣ ಗಟ್ಟಿ ಇದ್ದರೆ ಬಟ್ಟೆಯೂ ಗಟ್ಟಿ ಅಂದುಕೊಳ್ಳುತ್ತೇವೆ, ಅದು ನಿಜವಲ್ಲ. ಕೆಲವು ಹಳದಿ, ಕೇಸರಿ ವ್ಯಾಟ್ ಬಣ್ಣಗಳು (ನೂಲಿನೊಳಗೆ ಕರಗದಂತೆ ಕೂರುವ ಗಟ್ಟಿ ಬಣ್ಣಗಳು) ತಾವು ಸುಲಭವಾಗಿ ಮಾಸುವುದಿಲ್ಲ, ಆದರೆ ಬೆಳಕನ್ನು ಹೀರಿ ಪಕ್ಕದ ಸೆಲ್ಯುಲೋಸನ್ನು, ಅಂದರೆ ಹತ್ತಿಯ ಮೂಲವಸ್ತುವನ್ನು, ಕೆಡಿಸುತ್ತವೆ. ನೀಲಿಗಳಲ್ಲಿ ಈ ಗುಣ ಕಡಿಮೆ.

ಹತ್ತಿಯ ಎಳೆ ಅಂದರೆ ಸಾವಿರಾರು ಗ್ಲೂಕೋಸ್ ಕೊಂಡಿಗಳ ಸರಪಳಿ. ಬೆಳಕು ಹೀರಿದ ಬಣ್ಣ, ಗಾಳಿಯ ಆಮ್ಲಜನಕ, ಸ್ವಲ್ಪ ತೇವ – ಇಷ್ಟು ಸೇರಿದರೆ ಹೈಡ್ರೋಜನ್ ಪೆರಾಕ್ಸೈಡ್ (ಬಟ್ಟೆ ಬಿಳಿ ಮಾಡಲು ಬಳಸುವ ರಾಸಾಯನಿಕ) ಹುಟ್ಟುತ್ತದೆ, ಸರಪಳಿಯ ಮೇಲೂ ಪೆರಾಕ್ಸೈಡ್‌ಗಳು ಕೂರುತ್ತವೆ, ಅವು ಒಡೆಯುವಾಗ ಕೊಂಡಿಗಳೂ ಕಳಚುತ್ತವೆ. 1940ರ ದಶಕದಲ್ಲಿ ಇಂಗ್ಲೆಂಡಿನ ಜವಳಿ ಸಂಶೋಧಕ ಈಗರ್ಟನ್ ಇದನ್ನು ಚೆನ್ನಾಗಿ ತೋರಿಸಿದರು: ತೇವದ ಗಾಳಿಯಲ್ಲಿ, ಬಣ್ಣದ ನೂಲಿನ ಹತ್ತಿರ ಸುಮ್ನೆ ಇಟ್ಟ ಬಿಳಿ ನೂಲು, ಅದಕ್ಕೆ ತಾಗದಿದ್ದರೂ, ಸೊರಗಿತ್ತು; ಪೆರಾಕ್ಸೈಡ್ ಗಾಳಿಯಲ್ಲೇ ಅಲ್ಲಿಗೆ ಹೋಗಿತ್ತು. ಹಾಗಾಗಿ ಕೇಸರಿಯ ಅಂಚಿನ ನೀಲಿ ಎಳೆಯೊಂದನ್ನು ಬಿಡಿಸಿ, ಎರಡು ಬೆರಳಲ್ಲಿ ಎಳೆದು ನೋಡಿ. ನೀಲಿ ಪಟ್ಟಿಯ ನಡುವಿನ ಎಳೆಗಿಂತ ಬೇಗ ತುಂಡಾಗಬಹುದು.

ಟ್ರಂಕಿನ ಕತ್ತಲೆಯಲ್ಲೂ ಇದು ಪೂರ್ತಿ ನಿಲ್ಲುವುದಿಲ್ಲ. ಉಳಿದ ಪೆರಾಕ್ಸೈಡ್ ನಿಧಾನಕ್ಕೆ ಒಡೆಯುತ್ತಲೇ ಇರುತ್ತದೆ. ಸೋಡಾ ತಪ್ಪು ಮಾಡಿಲ್ಲ ಅನ್ನಲಾರೆ: ಬೆಳಕಿನಿಂದ ಕೆಟ್ಟ ಸೆಲ್ಯುಲೋಸ್ ಸೋಡಾದಂಥ ಬಿಸಿ ಕ್ಷಾರವನ್ನು ತಾಳುವುದಿಲ್ಲ, ಅಲ್ಲಲ್ಲಿ ಸಡಿಲವಾಗಿದ್ದ ಸರಪಳಿ ಅಲ್ಲೇ ಕಡಿಯುತ್ತದೆ. ಆದರೆ ಹಾನಿ ಮೊದಲೇ ಆಗಿತ್ತು.

ಕಿಟಕಿಗೆ ಗಾಜಿದೆಯಲ್ಲ ಅಂತ ನೆಮ್ಮದಿಯಿಂದ ಇರಬೇಡಿ. ಬಣ್ಣವಿಲ್ಲದ ಹತ್ತಿಯನ್ನು ಕೆಡಿಸುವ ನೇರಳಾತೀತ ಕಿರಣವನ್ನು ಗಾಜು ಬಹಳಷ್ಟು ತಡೆಯುತ್ತದೆ, ಆದರೆ ಈ ಬಣ್ಣಗಳಿಗೆ ಗಾಜು ದಾಟಿ ಬರುವ ನೀಲಿ–ನೇರಳೆ ಬೆಳಕೇ ಸಾಕು. ಮುಂದಿನ ಪರದೆಗೆ ಕಿಟಕಿಯ ಕಡೆ ದಪ್ಪ ಅಸ್ತರಿ ಹೊಲಿಸಿ. ಒಗೆದ ಹಸಿ ಪರದೆಯನ್ನು ಬಿಸಿಲಿನ ಕಿಟಕಿಗೇ ತೂಗಿ ಒಣಗಿಸಬೇಡಿ, ನೆರಳಲ್ಲಿ ಒಣಗಿಸಿ. ಎತ್ತಿಡುವ ಮೊದಲು ಬರೀ ತಣ್ಣೀರಲ್ಲಿ ಎರಡು ಸಲ ಜಾಲಿಸಿದರೆ ನೀರಿಗೆ ಕರಗುವ ಪೆರಾಕ್ಸೈಡ್, ನೂಲು ಕೆಡುವಾಗ ಹುಟ್ಟಿದ ಹುಳಿ (ಆಮ್ಲ) ಎರಡೂ ಹೋಗುತ್ತವೆ. ಹಾಂ, ಪರದೆಯ ಸ್ಪ್ರಿಂಗ್ ತಂತಿಗೆ ತುಕ್ಕು ಹಿಡಿದಿದ್ದರೆ ಬದಲಿಸಿ. ಕಬ್ಬಿಣ ತಾಗಿದಲ್ಲಿ ಪೆರಾಕ್ಸೈಡ್ ಬಹಳ ಬೇಗ ಒಡೆಯುತ್ತದೆ, ಮೇಲಿನ ಮಡಿಕೆ ಮೊದಲು ತೂತಾಗುವುದು ಅದಕ್ಕೇ.