ರಾತ್ರಿ ಬ್ಲೋವರ್ ಆಫ್ ಮಾಡಿ ಉಳಿಸಿದ ದುಡ್ಡು ಟ್ಯಾಂಕರಿಗೆ ಹೋಗುತ್ತದೆ

ಮೇಡಂ, ಕೊಳಚೆ ನೀರಿನ ಘಟಕಕ್ಕೆ (ಎಸ್‌ಟಿಪಿ) ಗಾಳಿ ಊದುವ ಬ್ಲೋವರ್ ಇವತ್ತೇ ಆನ್ ಮಾಡಿಸಿ, ರಾತ್ರಿಯೂ ನಿಲ್ಲಿಸಬೇಡಿ. ಯಾವ ಕಂಪನಿಯ ಕಲ್ಚರ್ ಪೌಡರ್ (ಬ್ಯಾಕ್ಟೀರಿಯಾ ಪುಡಿ) ಒಳ್ಳೆಯದು ಅನ್ನೋದನ್ನು ಆಮೇಲೆ ನೋಡೋಣ.

ನೀವು ಬರೆದಿದ್ದು ಇಷ್ಟು. 96 ಮನೆ, 60 ಕೆಎಲ್‌ಡಿ ಎಸ್‌ಟಿಪಿ, ಅಂದರೆ ದಿನಕ್ಕೆ 60 ಸಾವಿರ ಲೀಟರ್ ಕೊಳಚೆ ಶುದ್ಧ ಮಾಡಿ ಫ್ಲಶ್‌ಗೆ, ಗಾರ್ಡನ್‌ಗೆ ಕೊಡುವ ಘಟಕ. ಕಾಮನ್ ಏರಿಯಾ ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಕಮಿಟಿಯವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ 5 ಎಚ್‌ಪಿ ಬ್ಲೋವರ್ ನಿಲ್ಲಿಸುತ್ತಿದ್ದಾರೆ. ಅದೇ ಉತ್ಸಾಹದಲ್ಲಿ ಫೈರ್ ಪಂಪ್ ರೂಮಿನ ಜಾಕಿ ಪಂಪನ್ನೂ (ಬೆಂಕಿ ನಂದಿಸುವ ಲೈನಿನ ಪ್ರೆಶರ್ ಕಾಯುವ ಚಿಕ್ಕ ಪಂಪ್) ಆಫ್ ಮಾಡಿದ್ದಾರೆ. ಈಗ ಬೇಸ್‌ಮೆಂಟಿನಲ್ಲಿ ಕೊಳೆತ ಮೊಟ್ಟೆ ವಾಸನೆ, ಫ್ಲಶ್ ನೀರು ಕಪ್ಪು, ಆಪರೇಟರ್ ದಿನಾ ಫಿನಾಯಿಲ್ ಸುರಿಯುತ್ತಿದ್ದಾನೆ. ಬೆಂಗಳೂರಿನ ಕನಕಪುರ ರಸ್ತೆ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಬುದ್ಧಿವಂತಿಕೆ ನಡೆದಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಮಿಟಿಗೆ ಲೆಕ್ಕದ ಭಾಷೆ ಅರ್ಥವಾಗುತ್ತದೆ ಅಂದಿರಿ, ಲೆಕ್ಕವನ್ನೇ ತೋರಿಸಿ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಫುಲ್ ಲೋಡ್‌ನಲ್ಲಿ ಆರು ಗಂಟೆಗೆ 22 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ರಾತ್ರಿಗೆ 176 ರೂಪಾಯಿ, ತಿಂಗಳಿಗೆ 5,300. ಇದೇ ನಿಮ್ಮ ಉಳಿತಾಯ. ಈಗ ಖರ್ಚು ನೋಡಿ. ತಲಾ 135 ಲೀಟರ್ ಬಳಕೆಯಲ್ಲಿ 45 ಲೀಟರ್ ಫ್ಲಶ್‌ಗೆ ಅಂತ ಲೆಕ್ಕ ಹಿಡಿಯುವುದು ವಾಡಿಕೆ. ಮನೆಗೆ ನಾಲ್ಕು ಜನ ಅಂದರೆ 384 ಜನ, ದಿನಕ್ಕೆ 17,280 ಲೀಟರ್. ಟ್ರೀಟ್ ಆದ ನೀರು ಕೆಟ್ಟರೆ ಇಷ್ಟನ್ನೂ ಫ್ರೆಶ್ ನೀರಿನಲ್ಲೇ ತುಂಬಬೇಕು. ಅಂದರೆ 6,000 ಲೀಟರಿನ ಟ್ಯಾಂಕರ್ ಹತ್ತಿರ ಹತ್ತಿರ ಮೂರು. 2024ರ ನೀರಿನ ಬರದಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ ಇಂಥ ಟ್ಯಾಂಕರಿಗೆ 600 ರೂಪಾಯಿ ಕಟ್ಟಿತ್ತು. ಅದೇ ದರ ಹಿಡಿಯಿರಿ, ದಿನಕ್ಕೆ 1,800. ತಿಂಗಳಿಗೆ 54 ಸಾವಿರ. ಗಾರ್ಡನ್ ನೀರು ಇದರಲ್ಲಿ ಸೇರಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ?

"ರಾತ್ರಿ ಯಾರೂ ನೀರು ಬಳಸಲ್ಲ, ಬ್ಲೋವರ್ ಯಾಕೆ" ಅನ್ನುವ ವಾದ ನಮ್ಮಲ್ಲೂ ಬಂದಿತ್ತು. ಕೇಳೋದಕ್ಕೆ ಸರಿ ಅನ್ನಿಸುತ್ತದೆ. ಆದರೆ ಈಕ್ವಲೈಸೇಶನ್ ಟ್ಯಾಂಕ್ ಇರುವುದೇ ಬೆಳಗಿನ ರಶ್ಶನ್ನು ಹಿಡಿದಿಟ್ಟು ದಿನವಿಡೀ ಸಮವಾಗಿ ಏರೇಶನ್ ಟ್ಯಾಂಕಿಗೆ, ಅಂದರೆ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಕೊಳಚೆ ತಿನ್ನುವ ಟ್ಯಾಂಕಿಗೆ, ಕಳಿಸೋದಕ್ಕೆ. ಸಂಜೆಯ ಅಡುಗೆಮನೆ, ಬಾತ್‌ರೂಮಿನ ನೀರೆಲ್ಲ ರಾತ್ರಿಯೇ ಅಲ್ಲಿಗೆ ಬರುವುದು. ಬ್ಯಾಕ್ಟೀರಿಯಾ ಎಷ್ಟಿದ್ದರೂ ಗಾಳಿ ನಿಂತರೆ ಕರಗಿರುವ ಆಕ್ಸಿಜನ್ ಬೇಗ ಮುಗಿಯುತ್ತದೆ. ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತಳಕ್ಕೆ ಕೂರುತ್ತದೆ, ಗಾಳಿಯ ಗುಳ್ಳೆ ಬಿಡುವ ಡಿಫ್ಯೂಸರ್ ಮೇಲೆಯೇ ಕೂರುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ರಂಧ್ರ ಕಟ್ಟಿರುತ್ತದೆ, ಬ್ಲೋವರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ. ರಾತ್ರಿ ಉಳಿಸಿದ ಯೂನಿಟ್ ಅಲ್ಲೇ ಸ್ವಲ್ಪ ಹೋಯಿತು. ಅರ್ಧ ಮುಕ್ಕಾಲು ಗಂಟೆ ಕರೆಂಟ್ ಹೋದರೆ ಏನೂ ಆಗಲ್ಲ, ಅದಕ್ಕೆ ಹೆದರಬೇಡಿ. ದಿನಾ ಆರು ಗಂಟೆ ಬೇರೆ ಮಾತು.

ನಮ್ಮಲ್ಲಿ ಮೊದಲು ಕಂಡದ್ದು ವಾಸನೆ ಅಲ್ಲ, ಸೆಟ್ಲಿಂಗ್ ಟ್ಯಾಂಕಿನಲ್ಲಿ ಮೇಲೆ ತೇಲುವ ಕಪ್ಪು ಚೂರು. ಯಾರೂ ಗಮನ ಕೊಡಲಿಲ್ಲ. ಆಮೇಲೆ ಸ್ಯಾಂಡ್ ಫಿಲ್ಟರ್ ಪದೇ ಪದೇ ಕಟ್ಟಲು ಶುರುವಾಯಿತು. ಆಪರೇಟರ್ ಬ್ಯಾಕ್‌ವಾಶ್ ಮಾಡಿದ, ಮತ್ತೆ ಕಟ್ಟಿತು. ಏಜೆನ್ಸಿಯವರು ಬಂದು "ಮೀಡಿಯಾ (ಒಳಗಿನ ಮರಳು) ಹಳೆಯದಾಗಿದೆ, ಬದಲಾಯಿಸಬೇಕು" ಅಂದರು. ಬದಲಾಯಿಸಿದೆವು. ಹೊಸ ಮೀಡಿಯಾನೂ ಕಟ್ಟಿತು. ಆಗ ಕಾರ್ಬನ್ ಫಿಲ್ಟರ್ ಸರದಿ. ಅದಾದ ಮೇಲೆ ಕಲ್ಚರ್ ಪೌಡರ್, ಅದು ಸಾಲದು ಅಂತ ವಾಸನೆಗೆ ಪರ್ಫ್ಯೂಮ್ ಡೋಸಿಂಗ್. ಎಲ್ಲದಕ್ಕೂ ಕೋಟೇಶನ್ ಇತ್ತು, ಎಲ್ಲದಕ್ಕೂ ಸಹಿ ಇತ್ತು. ಏರೇಶನ್ ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿದವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ಪಕ್ಕದ ಅಪಾರ್ಟ್‌ಮೆಂಟಿನ ಆಪರೇಟರ್ ಹುಡುಗನೊಬ್ಬ ಬಂದು ಒಂದು ಬಕೆಟ್ ಎತ್ತಿ ನೋಡಿ "ಸರ್, ಇದರಲ್ಲಿ ಜೀವಾನೇ ಇಲ್ಲ" ಅಂದ. ಫೀಸು ಒಂದು ಟೀ.

ಹಾಗಾಗಿ ನನ್ನ ಒಂದೇ ಹಟ: ಒಂದು ಲೀಟರ್ ಅಳತೆಯ ಸಿಲಿಂಡರ್. ಗಾಜಿನದು ಬೇಡ, ಪಂಪ್ ರೂಮಿನಲ್ಲಿ ಒಡೆದುಹೋಗುತ್ತದೆ. ಪ್ಲಾಸ್ಟಿಕ್‌ನದು ಸಾಕು, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬ್ಲೋವರ್ ಓಡುತ್ತಿರುವಾಗ ಏರೇಶನ್ ಟ್ಯಾಂಕಿನಿಂದ, ಇನ್‌ಲೆಟ್‌ನಿಂದ ದೂರದ ಮೂಲೆಯಲ್ಲಿ, ನೀರು ತೆಗೆಯಬೇಕು. ಸಿಲಿಂಡರ್ ತುಂಬಿ ಅಲುಗಾಡದ ಜಾಗದಲ್ಲಿ 30 ನಿಮಿಷ ಇಡಬೇಕು. ತಳದಲ್ಲಿ ಎಷ್ಟು ಎಂಎಲ್ ಕೂತಿದೆ ನೋಡಬೇಕು. ಇದೇ ಎಸ್‌ವಿ-30. 250ರಿಂದ 400 ಎಂಎಲ್ ಇದ್ದು, ಬಣ್ಣ ಚಾಕೊಲೇಟ್ ಕಂದು, ಮೇಲಿನ ನೀರು ತಿಳಿ ಇದ್ದರೆ ನಿಶ್ಚಿಂತೆ. 100ಕ್ಕಿಂತ ಕಡಿಮೆ ಆದರೆ ಟ್ಯಾಂಕಿನಲ್ಲಿ ಸರಕೇ ಇಲ್ಲ. 500, 600 ದಾಟಿದರೆ ಸ್ಲಡ್ಜ್ ಹೊರಗೆ ತೆಗೆಯಿರಿ, ಅದನ್ನು ಹಿಂಡುವ ಫಿಲ್ಟರ್ ಪ್ರೆಸ್ ಓಡಿಸಿ. ಕಪ್ಪಾಗಿದ್ದರೆ ಗಾಳಿ ಸಾಲದು, ಅಷ್ಟೇ.

ಈ ಸಿಲಿಂಡರಿನ ಫೋಟೋ ಪ್ರತಿದಿನ ಬೆಳಿಗ್ಗೆ ಕಮಿಟಿಯ ವಾಟ್ಸಾಪ್ ಗುಂಪಿಗೆ ಬರಬೇಕು. ಲಾಗ್‌ಬುಕ್ ನಂಬಬೇಡಿ. ನಮ್ಮಲ್ಲಿ ಲಾಗ್‌ಬುಕ್ಕಿನಲ್ಲಿ ಇಡೀ ತಿಂಗಳ ರೀಡಿಂಗ್ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ ಇರುತ್ತಿತ್ತು. ಫೋಟೋದಲ್ಲಿ ಆ ಆಟ ನಡೆಯಲ್ಲ. ಹಿಂದಿನ ದಿನದ ಫೋಟೋ ಮತ್ತೆ ಹಾಕುವ ಜಾಣರೂ ಇದ್ದಾರೆ, ಅದಕ್ಕೆ ಆ ದಿನದ ಪೇಪರ್ ಪಕ್ಕದಲ್ಲಿ ಇಡಿಸಿ.

ಒಂದು ವಿಷಯ ಇದೆ. ಇದು ನಿಮ್ಮದು ಮಾಮೂಲಿ ಏರೇಶನ್ ಟ್ಯಾಂಕ್, ಸೆಟ್ಲಿಂಗ್ ಟ್ಯಾಂಕ್ ಇರುವ ಪ್ಲಾಂಟ್ ಅಂತ ಅಂದುಕೊಂಡು ಹೇಳಿದ್ದು. ಎಂಬಿಬಿಆರ್ ಅನ್ನುವ ಬಗೆಯದ್ದಾದರೆ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಮೀಡಿಯಾ ಮೇಲೆ ಅಂಟಿರುತ್ತದೆ, ಸಿಲಿಂಡರ್ ನೋಡಿ ಏನೂ ಗೊತ್ತಾಗಲ್ಲ. ಎಸ್‌ಬಿಆರ್ ಆದರೆ ಬ್ಲೋವರ್ ನಿಂತು ಓಡುವುದೇ ಅದರ ಸೈಕಲ್, ಅಲ್ಲಿ ಟೈಮರ್‌ಗೆ ಕೈ ಹಾಕಬೇಡಿ. ಹಸ್ತಾಂತರದ ಹೊತ್ತಿನಲ್ಲಿ ಬಿಲ್ಡರ್ ಕೊಟ್ಟ ಫೈಲಿನಲ್ಲಿ ಲೈನ್ ಡಯಾಗ್ರಂ ಇರುತ್ತದೆ, ನೋಡಿ.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು ಪೌಡರ್ ಹಾಕಿ ಅಂದಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ ಸರ್, ಗಾಳಿಯಿಲ್ಲದ ಟ್ಯಾಂಕಿಗೆ ಪೌಡರ್ ಹಾಕುವುದು ಉಸಿರುಕಟ್ಟಿದವನಿಗೆ ಊಟ ಬಡಿಸಿದ ಹಾಗೆ. ನಮಗೆ ಕೆಲಸ ಮಾಡಿದ್ದು ಬೀಜದ ಸ್ಲಡ್ಜ್. ಚೆನ್ನಾಗಿ ಓಡುತ್ತಿರುವ ಹತ್ತಿರದ ಎಸ್‌ಟಿಪಿಯಿಂದ ಆರೇಳು ಸಾವಿರ ಲೀಟರ್ ಕಂದು ನೀರು ತಂದು ಸುರಿದೆವು. ಅವರಿಗೂ ಹೆಚ್ಚಾದ ಸ್ಲಡ್ಜ್ ಬೇಡವಾಗಿರುತ್ತದೆ, ಕೇಳಿದರೆ ಖುಷಿಯಾಗಿ ಕೊಡುತ್ತಾರೆ. ತರುವ ಟ್ಯಾಂಕರ್ ಮಾತ್ರ ಇದಕ್ಕೇ ಲೈಸೆನ್ಸ್ ಇರುವವರದ್ದಾಗಿರಲಿ. ಸೆಗಣಿ, ಬೆಲ್ಲ ಹಾಕುವವರಿದ್ದಾರೆ. 96 ಮನೆಯ ಕೊಳಚೆ ಬರುತ್ತಿರುವಾಗ ಬೆಲ್ಲದ ಊಟ ಯಾಕೆ ಬೇಕು? ಸೆಗಣಿಯ ನಾರು ಪಂಪಿಗೆ ಸುತ್ತಿಕೊಂಡರೆ ಅದೊಂದು ಹೊಸ ಕಷ್ಟ.

ಸರಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಆ ನೀರನ್ನು ಫ್ಲಶ್ ಲೈನಿಗೆ ಕೊಡಬೇಡಿ, ಹೈಪೋ (ಕ್ಲೋರಿನ್ ದ್ರಾವಣ) ಹಾಕಿ ಬಣ್ಣ ತಿಳಿ ಮಾಡುವ ಸರ್ಕಸ್ಸೂ ಬೇಡ. ಫಿನಾಯಿಲ್ ಇವತ್ತೇ ನಿಲ್ಲಿಸಿ. ಅದು ಇರುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಹೌಸ್‌ಕೀಪಿಂಗ್‌ನವರಿಗೂ ಹೇಳಿ, ಟಾಯ್ಲೆಟ್ ಆಸಿಡ್ ಕ್ಯಾನ್‌ಗಟ್ಟಲೆ ಸುರಿಯುವುದು ಬೇಡ. ಸಂಪ್ ತೊಳೆದ ಬ್ಲೀಚಿಂಗ್ ನೀರನ್ನು ಒಮ್ಮೆಗೇ ಎಸ್‌ಟಿಪಿ ಕಡೆ ಬಿಡಬೇಡಿ. ಒಳಬರುವ ಕಸ ತಡೆಯುವ ಬಾರ್ ಸ್ಕ್ರೀನ್ ದಿನಾ ಕೆರೆಸಿ. ಅಲ್ಲಿ ಸಿಗುವ ಪ್ಯಾಡ್, ವೈಪ್ಸ್ ನೋಡಿದರೆ ನಿಮ್ಮ ನಿವಾಸಿಗಳು ಕೆಂಪು ಡಬ್ಬ ಯಾಕೆ ಇದೆ ಅಂತ ಮರೆತಿದ್ದಾರೆ ಅಂತ ಗೊತ್ತಾಗುತ್ತದೆ. 2015ರಲ್ಲಿ ಹೈಕೋರ್ಟ್ ಕಸ ವಿಂಗಡಿಸಲು 2 ಬಿನ್ 1 ಬ್ಯಾಗ್ ಅಂತ ಹೇಳಿದ ಮೇಲೂ ಕಮೋಡಿಗೆ ಹಾಕುವವರು ಇದ್ದಾರೆ. ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ವೈಪ್ಸ್ ಕರಗಲ್ಲ, ನಮ್ಮ ಪಂಪಿನ ಇಂಪೆಲ್ಲರ್ ಸಾಕ್ಷಿ.

ಇನ್ನು ಸಿಟ್ಟು ಬಂದ ಮಾತು. "ಟ್ಯಾಂಕ್ ಒಳಗೆ ಇಳಿಸಿ ಕ್ಲೀನ್ ಮಾಡಿಸೋಣ ಅಂತಿದ್ದೇವೆ" ಅಂತ ಬರೆದಿದ್ದೀರಿ. ಖಂಡಿತ ಬೇಡ. ಆ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಜಾಸ್ತಿ ಆದಾಗ ಮೂಗು ಮರಗಟ್ಟಿ ವಾಸನೆಯೇ ಬರಲ್ಲ. "ಈಗ ವಾಸನೆ ಇಲ್ಲ, ಇಳಿ" ಅನ್ನುವ ಸೂಪರ್‌ವೈಸರ್ ಮಾತಿನಿಂದಲೇ ಜನ ಸಾಯುವುದು. ಎತ್ತಲು ಹೋದವನೂ ಬೀಳುತ್ತಾನೆ. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕ್, ಚರಂಡಿ ಗುಂಡಿಗೆ ಇಳಿಸುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಏಜೆನ್ಸಿಯವರ ಹುಡುಗ, ನಮಗೇನು ಅಂತ ಕೂರಬೇಡಿ, ಅಸೋಸಿಯೇಶನ್ ಪದಾಧಿಕಾರಿಗಳ ಮೇಲೂ ಕೇಸ್ ಬೀಳಬಹುದು. ಕೇಸ್ ಬಿಡಿ, ಒಂದು ಮನೆ ಹಾಳಾಗುತ್ತದೆ. ಹನಿ ಸಕ್ಕರ್ (ಕೊಳಚೆ ಹೀರುವ ಲಾರಿ) ಕರೆಸಿ ಮೇಲಿನಿಂದಲೇ ಎಳೆಸಿ. ಡಿಫ್ಯೂಸರ್ ಬದಲಿಸಬೇಕಾದರೂ ಮೇಲಕ್ಕೆ ಎತ್ತಿ ತೆಗೆಯುವ ರೀತಿಯದ್ದು ಹಾಕಿಸಿ. ಎಸ್‌ಟಿಪಿ ರೂಮಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯಾ? ಅದನ್ನೂ ಉಳಿತಾಯಕ್ಕೆ ಅಂತ ನಿಲ್ಲಿಸಿಲ್ಲ ತಾನೇ?

ಬ್ಲೋವರ್ ಬ್ರ್ಯಾಂಡ್ ಕೇಳಿದ್ದೀರಿ. ನಮ್ಮಲ್ಲಿ ಎವರೆಸ್ಟ್ ಟ್ವಿನ್ ಲೋಬ್ ಇದೆ, ಸದ್ದು ಮಾಡುತ್ತದೆ, ಆದರೆ ಸುಮ್ನೆ ಕೈಕೊಡಲ್ಲ. ಬೆಲ್ಟ್ ಫೆನ್ನರ್ ಹಾಕಿಸಿ, ಲೋಕಲ್ ಬೆಲ್ಟ್ ಹಾಕಿ ಯಾರೂ ಉಳಿಸಿದ್ದಿಲ್ಲ. ಎರಡನೇ ಬ್ಲೋವರ್ ಸ್ಟ್ಯಾಂಡ್‌ಬೈ ಅಂತ ಧೂಳು ಹಿಡಿಸಬೇಡಿ, ಪಾಳಿ ಮೇಲೆ ಓಡಿಸಿ. ಗೇರ್ ಆಯಿಲ್ ಮಟ್ಟ ಬ್ಲೋವರಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಕಾಣುತ್ತದೆ. ಏರ್ ಫಿಲ್ಟರ್ ವಾರಕ್ಕೊಮ್ಮೆ ಬಡಿದು ಸ್ವಚ್ಛ ಮಾಡಿ. ನಿಜವಾದ ಕರೆಂಟ್ ಉಳಿತಾಯ ಬೇಕಾದರೆ ಮೋಟರಿನ ಸ್ಪೀಡ್ ಬದಲಿಸುವ ವಿಎಫ್‌ಡಿ ಹಾಕಿಸಿ, ಡಿಒ ಮೀಟರಿನಲ್ಲಿ ಕರಗಿರುವ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಉಳಿಯುವಷ್ಟು ಸ್ಪೀಡ್ ಇಳಿಸಿ. ಇದು ಎಸ್‌ಟಿಪಿ ಸರಿಹೋದ ಮೇಲಿನ ಮಾತು, ಈಗ ಮಾಡಬೇಡಿ. ತೀರಾ ಕಡಿಮೆ ಸ್ಪೀಡಿಗೆ ಇಳಿಸಿದರೆ ಬ್ಲೋವರ್ ಬಿಸಿಯಾಗುತ್ತದೆ, ಕಂಪನಿಯವರನ್ನು ಕೇಳಿ. ಅದಕ್ಕಿಂತ ಮುಂಚೆ ಬೇಸ್‌ಮೆಂಟ್ ಲೈಟಿಗೆ ಸೆನ್ಸರ್ ಹಾಕಿಸಿ. ಇಡೀ ರಾತ್ರಿ ಖಾಲಿ ಕಾರುಗಳಿಗೆ ಬೆಳಕು ಯಾಕೆ?

ಸೋರುವ ಫ್ಲಶ್ ಟ್ಯಾಂಕ್ ಹುಡುಕಿಸಿ. ಸಿಸ್ಟರ್ನಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ. ನೂರು ರೂಪಾಯಿಯ ರಿಪೇರಿ, ಆದರೆ ಆ ನೀರು ಪಂಪಾಗಿ ಮೇಲೇರಿ ಮತ್ತೆ ಎಸ್‌ಟಿಪಿಗೇ ಬಂದು ಎರಡೆರಡು ಸಲ ಕರೆಂಟ್ ತಿನ್ನುತ್ತದೆ.

ಜಾಕಿ ಪಂಪ್ ವಿಷಯ ಮರೆತಿಲ್ಲ. ಅದು ಆಫ್ ಆದರೆ ಲೈನಿನ ಪ್ರೆಶರ್ ಇಳಿಯುತ್ತದೆ, ಮೇನ್ ಪಂಪ್ ತಾನಾಗಿ ಸ್ಟಾರ್ಟ್ ಆಗುತ್ತದೆ. ನಿಮ್ಮಲ್ಲಿ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಯಾರೋ ಅದನ್ನೂ ಮ್ಯಾನುಯಲ್‌ಗೆ ಹಾಕಿದ್ದಾರೆ. ಅಂದರೆ ಎಂಟನೇ ಮಹಡಿಯಲ್ಲಿ ಬೆಂಕಿ ಬಿದ್ದಾಗ ಸೆಕ್ಯೂರಿಟಿಯವರು ಪಂಪ್ ರೂಮಿನ ಬೀಗದ ಕೈ ಹುಡುಕಬೇಕು! ಎರಡನ್ನೂ ಆಟೋಗೆ ಹಾಕಿ. ಜಾಕಿ ಪದೇ ಪದೇ ಓಡಿ ಬಿಲ್ ತಿನ್ನುತ್ತಿದ್ದರೆ ಲೈನ್ ಎಲ್ಲೋ ಸೋರುತ್ತಿದೆ. ಮಹಡಿ ಮಹಡಿಗೆ ಹೋಗಿ ಹೋಸ್ ರೀಲ್ ವಾಲ್ವ್, ಲ್ಯಾಂಡಿಂಗ್ ವಾಲ್ವ್ ನೋಡಿಸಿ, ಪಂಪಿನ ನಾನ್ ರಿಟರ್ನ್ ವಾಲ್ವ್ ನೋಡಿಸಿ. ಹಾಗೇ ಹೋಸ್ ಬಾಕ್ಸ್ ತೆಗೆದು ನಾಜಲ್ ಇದೆಯಾ ಎಣಿಸಿ. ಹಿತ್ತಾಳೆಯದ್ದಾದರೆ ಒಂದೆರಡು ಕಾಣೆಯಾಗಿರುತ್ತದೆ.

ವಾರ್ಷಿಕ ಸಭೆಯಲ್ಲಿ (ಎಜಿಎಂ) ಇದನ್ನೆಲ್ಲ ಹೇಳಿದರೆ "ಮೇಂಟೆನೆನ್ಸ್ ಜಾಸ್ತಿ ಮಾಡೋಕೆ ನೆಪ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಮೇಲಿನ 5,300 ಮತ್ತು 54,000 ಪಕ್ಕಪಕ್ಕದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಎಸ್‌ಟಿಪಿಗೆ ಬೇರೆ ಸಬ್ ಮೀಟರ್ ಹಾಕಿಸಿ, ಇಲ್ಲದಿದ್ದರೆ ಬಿಲ್ ಏರಿದಾಗಲೆಲ್ಲ ಬೈಗುಳ ಬ್ಲೋವರಿಗೇ.

ಈಗ ನನಗೆ ಬೇಕಾದದ್ದು ನಾಲ್ಕು: ಪ್ಲಾಂಟ್ ಯಾವ ಬಗೆಯದು, ಬ್ಲೋವರ್ ಎಷ್ಟು ಆಂಪ್ಸ್ ತೋರಿಸುತ್ತಿದೆ, ಗುಳ್ಳೆ ಟ್ಯಾಂಕ್ ತುಂಬ ಸಣ್ಣದಾಗಿ ಬರುತ್ತಿದೆಯಾ ಅಥವಾ ಒಂದೇ ಕಡೆ ಬುಗ್ಗೆ ಏಳುತ್ತಿದೆಯಾ, ಮತ್ತೆ ಸಿಲಿಂಡರ್ ಫೋಟೋ. ಒಂದೇ ಕಡೆ ಬುಗ್ಗೆ ಆದರೆ ಡಿಫ್ಯೂಸರ್ ಹರಿದಿದೆ, ಬೀಜದ ಸ್ಲಡ್ಜ್ ತರಿಸೋದಕ್ಕೆ ಮುಂಚೆ ಅದನ್ನು ಸರಿಮಾಡಿಸಬೇಕು. ಫೋಟೋವನ್ನು ಮೇಲಿನಿಂದ, ಕೈ ಚಾಚಿ ತೆಗೆಯಿರಿ. ಟ್ಯಾಂಕಿನೊಳಗೆ ತಲೆ ಹಾಕಬೇಡಿ.