ಮನೆಯ ಕೆಗ್‌ನಲ್ಲಿ ಗ್ಯಾಸ್ ನಿಲ್ಲುತ್ತಿಲ್ಲ, ಗ್ಲಾಸ್ ತುಂಬಾ ನೊರೆ: ಎಲ್ಲಿ ತಪ್ಪಾಗುತ್ತಿದೆ?

ನಿಮ್ಮ ಬಿಯರ್ ಕೆಗ್, ಅಂದರೆ ಗ್ಯಾಸ್ ಒತ್ತಡದಿಂದ ನಲ್ಲಿಗೆ ಹರಿಸುವ ಪೀಪಾಯಿಯ ತೊಂದರೆ ಬಗ್ಗೆ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಕೆಗ್‌ನಲ್ಲಿರುವುದು ಬಿಯರ್ ಅಲ್ಲ, ಸೋಡಾ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ. ನಮ್ಮನೆಯಲ್ಲಿ ಅದಕ್ಕಿಂತ ದೊಡ್ಡ ಕಾಯ್ದೆ ನಮ್ಮಮ್ಮ. ಆದರೆ ಸಾಮಾನೆಲ್ಲ ನಿಮ್ಮ ಹತ್ತಿರ ಇರುವಂಥದ್ದೇ: 19 ಲೀಟರಿನ ಸ್ಟೀಲ್ ಕೆಗ್, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್, ಪೈಪು, ನಲ್ಲಿ. ಅಸಲಿಗೆ ಈ ಥರದ ಕೆಗ್ ಬಂದಿದ್ದೇ ಕೂಲ್ ಡ್ರಿಂಕ್ಸ್ ಸಿರಪ್ ತುಂಬಲು, ಬಿಯರ್‌ನವರು ಆಮೇಲೆ ಎತ್ತಿಕೊಂಡರು. ಶಿಡ್ಲಘಟ್ಟದಲ್ಲಿ ಮೂರು ಬೇಸಿಗೆಯಿಂದ ಓಡಿಸುತ್ತಿದ್ದೇನೆ, ಮನೆಗೆ ಬಂದವರಿಗೆಲ್ಲ ನನ್ನಾರಿ (ಸೊಗದೆ ಬೇರು) ಸೋಡಾ.

ನೀವು ಸೆಕೆಂಡ್ ಹ್ಯಾಂಡ್ ಸೆಟ್ ತಂದಿದ್ದೀರಿ, 5 ಕೆಜಿ ಸಿಲಿಂಡರ್ ಹದಿನೈದು ದಿನಕ್ಕೆ ಖಾಲಿ, ಗ್ಲಾಸಿನಲ್ಲಿ ಮುಕ್ಕಾಲು ನೊರೆ, ಜೊತೆಗೆ ಹುಳಿ ವಾಸನೆ ಅಂತ ಬರೆದಿದ್ದೀರಿ. ಗ್ಯಾಸಿನದ್ದೇ ಮೊದಲು ನೋಡೋಣ, ದುಡ್ಡು ಹೋಗುತ್ತಿರುವುದು ಅಲ್ಲೇ.

ಒಂದು ಕೆಗ್ ಬಿಯರಿಗೆ ಗ್ಯಾಸ್ ಹಿಡಿಸಿ, ಕೊನೆಯ ಗ್ಲಾಸಿನವರೆಗೂ ತಳ್ಳಲು ಹೆಚ್ಚುಕಡಿಮೆ 150ರಿಂದ 200 ಗ್ರಾಂ ಸಾಕು. ಸೋಡಾಗೆ ಒತ್ತಡ ಜಾಸ್ತಿ ಬೇಕು, ನನಗೆ 300 ಗ್ರಾಂ ಹತ್ತಿರ ಹೋಗುತ್ತದೆ. ಹದಿನೈದು ದಿನದಲ್ಲಿ ನೀವು ಇಪ್ಪತ್ತೈದು ಕೆಗ್ ಕುಡಿದಿಲ್ಲ ಅಲ್ವಾ? ಅಂದರೆ ಎಲ್ಲೋ ಸೋರುತ್ತಿದೆ.

ರೆಗ್ಯುಲೇಟರಿನಲ್ಲಿ ಸಿಲಿಂಡರ್ ಒತ್ತಡ ತೋರಿಸುವ ದೊಡ್ಡ ಮೀಟರ್ ನೋಡಿಕೊಂಡು ಸಮಾಧಾನವಾಗಿ ಇರಬೇಡಿ. ಸಿಲಿಂಡರ್ ಒಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುತ್ತದೆ. ಒಂದು ಲೋಟದಷ್ಟು ದ್ರವ ಉಳಿದಿದ್ದರೂ ಮುಳ್ಳು ಅದೇ ಜಾಗದಲ್ಲಿ ನಿಂತಿರುತ್ತದೆ, 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ (ಒತ್ತಡದ ಅಳತೆ). ಮುಳ್ಳು ಇಳಿಯಲು ಶುರುವಾಯಿತು ಅಂದರೆ ಕಥೆ ಮುಗಿದ ಹಾಗೆ. ನಾನು ತೂಕ ನೋಡುತ್ತೇನೆ. ಪಕ್ಕದ ಮನೆಯವರು ರೇಷ್ಮೆ ಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡಿದ್ದಾರೆ, ತಿಂಗಳಿಗೆ ಎರಡು ಸಲ ಸಿಲಿಂಡರ್ ಹೊತ್ತುಕೊಂಡು ಅಲ್ಲಿಗೆ ಹೋಗುತ್ತೇನೆ. ಖಾಲಿ ಸಿಲಿಂಡರಿನ ತೂಕ ಅದರ ಕತ್ತಿನ ಮೇಲೆ ಕೊರೆದಿರುತ್ತದೆ, ಕಳೆದರೆ ಆಯಿತು. ಈ ಸಲ ಗೂಡಿಗೆ ಒಳ್ಳೆ ತೂಕ ಬಂದಿದೆ ಅಂತ ಅವರು ಪ್ರತಿ ಸಲ ರೇಗಿಸುತ್ತಾರೆ.

ಸೋರಿಕೆ ಹಿಡಿಯಲು ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಕಲಸಿ, ಬ್ರಷ್‌ನಲ್ಲಿ ಪ್ರತಿ ಜಾಯಿಂಟಿಗೂ ಹಚ್ಚಿ. ಹಚ್ಚಿದ ತಕ್ಷಣ ಎದ್ದುಬಿಡಬೇಡಿ, ಟಾರ್ಚ್ ಹಿಡಿದು ಎರಡು ನಿಮಿಷ ಅಲ್ಲೇ ಕೂತು ನೋಡಿ. ನನ್ನ ಮೊದಲ ವರ್ಷದ ಸೋರಿಕೆ ಸಿಕ್ಕಿದ್ದು ಹಾಗೆ: ಮುಚ್ಚಳದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದು ಒಡೆದ ಮೇಲೆ ಇನ್ನೊಂದು, ಅಷ್ಟೇ. ಬಿಚ್ಚಿ ನೋಡಿದರೆ ದೊಡ್ಡ ಓ-ರಿಂಗ್‌ನಲ್ಲಿ ಕೂದಲೆಳೆಯಷ್ಟು ಸೀಳು. ಗೋಲಿ ಸೋಡಾ ಬಾಟಲಿಯ ಕತ್ತಿನಲ್ಲಿ ರಬ್ಬರ್ ರಿಂಗ್ ಇರುತ್ತದಲ್ಲ, ಅದು ಸವೆದರೆ ಗೋಲಿ ಎಷ್ಟು ಗುಂಡಗಿದ್ದರೂ ಸೋಡಾ ಚಪ್ಪೆ. ಇಲ್ಲೂ ಅದೇ ಲೆಕ್ಕ. ಹಳೇ ಸೆಟ್ ಆದ್ದರಿಂದ ಎಲ್ಲ ಓ-ರಿಂಗ್ ಒಟ್ಟಿಗೆ ಬದಲಿಸಿಬಿಡಿ, ಹಳೇ ಸಿರಪ್ಪಿನ ವಾಸನೆ ಕೂತಿರುವುದೂ ಅದರಲ್ಲೇ. ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ವ್ಯಾಸಲೀನ್ ಬೇಡ, ಅದು ರಬ್ಬರನ್ನು ಹಾಳು ಮಾಡುತ್ತದೆ. ಮುಚ್ಚಳ ಹಾಕಿದ ಮೇಲೆ ಒಂದು ಸಲ 30 ಪಿಎಸ್‌ಐ ಕೊಟ್ಟರೆ ಸರಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಇಳಿಸಿಕೊಳ್ಳಿ. ಮತ್ತೆ ಮುಚ್ಚಳ ತೆಗೆಯುವ ಮುಂಚೆ ಒಳಗಿನ ಒತ್ತಡವನ್ನು ಪೂರ್ತಿ ಬಿಡಬೇಕು.

ಸಿಲಿಂಡರಿಗೂ ರೆಗ್ಯುಲೇಟರಿಗೂ ಮಧ್ಯದ ವಾಷರ್ ಕೂಡ ನೋಡಿ. ಒಂದು ಸಲ ಗ್ಯಾಸ್ ತುಂಬಿಸಿದ ಅಂಗಡಿಯ ಹುಡುಗ ಚಪ್ಪಟೆಯಾಗಿದ್ದ ಹಳೇ ವಾಷರನ್ನೇ ಹಾಕಿ, ಸ್ಪ್ಯಾನರ್‌ನಲ್ಲಿ ಬಿಗಿದು ಕಳಿಸಿದ್ದ. ಮೂರು ದಿನಕ್ಕೆ ಸಿಲಿಂಡರ್ ಖಾಲಿ.

ನೊರೆಗೆ ಎಲ್ಲರೂ ಮೊದಲು ಒತ್ತಡವನ್ನೇ ಕಡಿಮೆ ಮಾಡುತ್ತಾರೆ. ತಪ್ಪು. ಕೆಗ್ 3-4 ಡಿಗ್ರಿಯಲ್ಲಿದ್ದರೆ ಬಿಯರಿಗೆ 10-12 ಪಿಎಸ್‌ಐ ಸರಿ. ಅದನ್ನು ಇಳಿಸಿದರೆ ಪೈಪಿನೊಳಗೇ ಗ್ಯಾಸ್ ಬಿಟ್ಟುಕೊಂಡು ಇನ್ನೂ ಜಾಸ್ತಿ ನೊರೆ ಬರುತ್ತದೆ, ಉಳಿದದ್ದು ನಾಲ್ಕು ದಿನದಲ್ಲಿ ಚಪ್ಪೆ. 5 ಮಿಲಿಮೀಟರ್ ಒಳಅಳತೆಯ ಪೈಪ್ ಸುಮಾರು 3 ಮೀಟರ್ ಇರಲಿ, ಹೋಗುವ ದಾರಿಯಲ್ಲೇ ಒತ್ತಡ ಇಳಿಯಬೇಕು. ನಿಮ್ಮ ಪೈಪ್ ಅರ್ಧ ಮೀಟರ್ ಇದ್ದರೆ ಏನು ಮಾಡಿದರೂ ನೊರೆಯೇ. ಪೈಪು ಫ್ರಿಜ್ಜಿನೊಳಗೇ ಸುತ್ತಿಕೊಂಡಿರಲಿ. ಏಪ್ರಿಲ್ ಬಿಸಿಲಿಗೆ ಹೊರಗಿನ ನಲ್ಲಿ ಕಾದಿರುತ್ತದೆ, ಮೊದಲ ಗ್ಲಾಸ್ ನನಗೂ ನೊರೆಯೇ ಬರುವುದು.

ಹುಳಿ ವಾಸನೆ ಪೈಪು, ನಲ್ಲಿಯಿಂದ. ಎರಡು ವಾರಕ್ಕೊಮ್ಮೆ ಬಿಯರ್ ಲೈನ್ ಕ್ಲೀನರ್ ಹಾಯಿಸಿ, ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸಾಕಷ್ಟು ನೀರು ಬಿಡಿ. ನಲ್ಲಿಯನ್ನು ಬಿಚ್ಚಿಯೇ ತೊಳೆಯಬೇಕು, ಒಳಗೆ ಬೆರಳು ಹಾಕಿದರೆ ಲೋಳೆ ತಗಲುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡ, ಕ್ಲೋರಿನ್‌ಗೆ ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ನಮ್ಮ ಕಡೆ ಬೋರ್‌ವೆಲ್ ನೀರು ಎಂಥದ್ದು ಗೊತ್ತಲ್ಲ, ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಕೆಗ್‌ನಲ್ಲೂ ಕೂರುತ್ತದೆ. ಮೂರು ತಿಂಗಳಿಗೊಮ್ಮೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿಗೆ ಹಾಕಿ ನೆನೆಸಿಡುತ್ತೇನೆ. ಅದನ್ನು ಕ್ಲೀನರ್ ಜೊತೆ ಬೆರೆಸಬೇಡಿ, ಒಂದನ್ನು ಪೂರ್ತಿ ತೊಳೆದ ಮೇಲೆ ಇನ್ನೊಂದು.

ಇನ್ನು ನಾನು ಮಾಡಿದ ಘನಂದಾರಿ ಕೆಲಸ. ಹಬ್ಬದ ದಿನ ಗ್ಲಾಸಿಗೆ ಯಾರು ಬೆರೆಸುತ್ತಾರೆ ಅಂತ ನನ್ನಾರಿ ಸಿರಪ್ಪನ್ನು ಕೆಗ್ಗಿಗೇ ಸುರಿದು, ಕಂಠಮಟ್ಟ ತುಂಬಿಸಿದೆ. ಒತ್ತಡ ಇಳಿಸಿದಾಗ ಅಂಟು ಸೋಡಾ ಗ್ಯಾಸ್ ಪೈಪಿನಲ್ಲಿ ಹಿಂದಕ್ಕೆ ಹತ್ತಿ ರೆಗ್ಯುಲೇಟರ್ ಸೇರಿತು. ರೆಗ್ಯುಲೇಟರ್ ಹೋಯಿತು, ಬೈಗುಳ ಬೋನಸ್ಸು. ಮೇಲೆ ನಾಲ್ಕು ಬೆರಳು ಜಾಗ ಬಿಡಿ, ಗ್ಯಾಸ್ ಪೈಪಿಗೆ ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ.

ಸಿಲಿಂಡರ್ ಯಾವಾಗಲೂ ನಿಂತಿರಲಿ, ಚೈನ್ ಹಾಕಿ ಗೋಡೆಗೆ ಕಟ್ಟಿ. ಮುಚ್ಚಿದ ರೂಮಿನಲ್ಲಿ ಬೇಡ, ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೆ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ತುಂಬಿಸುವಾಗ ಫುಡ್ ಗ್ರೇಡ್ ಅಂತ ಕೇಳಿ, ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಹೈಡ್ರೋ ಟೆಸ್ಟಿನ (ನೀರಿನ ಒತ್ತಡದಲ್ಲಿ ಸಿಲಿಂಡರ್ ಪರೀಕ್ಷೆ) ತಾರೀಖು ನೋಡಿ. ಅಗ್ಗಕ್ಕೆ ಸಿಕ್ಕಿತು ಅಂತ ಬೆಂಕಿ ಆರಿಸುವ ಸಿಲಿಂಡರ್ ತರಬೇಡಿ, ಅದರೊಳಗಿನ ಪೈಪು ತಳದಿಂದ ದ್ರವವನ್ನೇ ಎತ್ತಿ ರೆಗ್ಯುಲೇಟರಿಗೆ ಕೊಡುತ್ತದೆ.

ಇವತ್ತು ರಾತ್ರಿ ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಕೆಗ್ಗಿಗೆ ಹೋಗುವ ಗ್ಯಾಸ್ ಪೈಪನ್ನು ಕೆಗ್ ತುದಿಯಲ್ಲಿ ಬಿಚ್ಚಿಟ್ಟು ಮಲಗಿ. ಬೆಳಗ್ಗೆ ದೊಡ್ಡ ಮೀಟರಿನ ಮುಳ್ಳು ಬಿದ್ದಿದ್ದರೆ ಸೋರಿಕೆ ರೆಗ್ಯುಲೇಟರ್ ಕಡೆ, ನಿಂತಿದ್ದರೆ ಕೆಗ್ ಕಡೆ. ಯಾವುದು ಅಂತ ತಿಳಿಸಿ.