ತಂಡ ಒಡೆದ ಮೇಲೆ ಡ್ರಮ್ಮರ್

ಪ್ರಶ್ನೆ: ಇಂಗ್ಲೆಂಡಿನ ‘ಹೆನ್ರಿ ಕೌ’ ರಾಕ್ ತಂಡ 1978ರಲ್ಲಿ ಒಡೆಯಿತಲ್ಲ, ಅದರ ಡ್ರಮ್ಮರ್ ಕ್ರಿಸ್ ಕಟ್ಲರ್ ಆಮೇಲೆ ಏನು ಮಾಡಿದರು? – ಓದುಗರು, ಶಿವಮೊಗ್ಗ

ಉತ್ತರ: ಹಳೆಯದು ಮುಗಿಯುವ ಮೊದಲೇ ಹೊಸ ತಂಡ ಹುಟ್ಟಿತ್ತು. ಆ ವರ್ಷ ಜನವರಿಯಲ್ಲಿ ‘ಹೆನ್ರಿ ಕೌ’ ಧ್ವನಿಮುದ್ರಿಸಿಕೊಂಡದ್ದರಲ್ಲಿ ಹಾಡುಗಳದ್ದೇ ಕಾರುಬಾರು. ತಂಡದಲ್ಲಿ ವಾದ್ಯಸಂಗೀತವೇ ಬೇಕೆಂದವರಿಗೆ ಅದು ಒಗ್ಗಲಿಲ್ಲ. ಆ ಹಾಡುಗಳನ್ನು ಕಟ್ಲರ್, ತಂಡದ ಗಿಟಾರ್ ವಾದಕ ಫ್ರೆಡ್ ಫ್ರಿತ್ ಮತ್ತು ಗಾಯಕಿ ಡಾಗ್ಮಾರ್ ಕ್ರೌಸ ‘ಆರ್ಟ್ ಬೇರ್ಸ್’ ಹೆಸರಿನಲ್ಲಿ ಹೊರತಂದರು. ಸಾಹಿತ್ಯ ಹೆಚ್ಚಾಗಿ ಕಟ್ಲರ್ ಅವರದೇ. ಮೂರು ಆಲ್ಬಂಗಳಾದ ಮೇಲೆ ಅದೂ ನಿಂತಿತು. 1982ರಿಂದ ಹತ್ತು ವರ್ಷ ಜರ್ಮನರ ಜೊತೆ ‘ಕ್ಯಾಸಿಬರ್’, ಆ ನಡುವೆ ಅಮೆರಿಕದ ‘ಪೇರ್ ಉಬು’ ತಂಡಗಳಲ್ಲಿ ನುಡಿಸಿದರು.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಎಂದು ನಮಗೆ ಅನ್ನಿಸುವುದು 1978ರಲ್ಲೇ ಶುರುವಾದ ‘ರೆಕಮೆಂಡೆಡ್ ರೆಕಾರ್ಡ್ಸ್’. ದೊಡ್ಡ ಕಂಪನಿಗಳು ಮೂಸಿಯೂ ನೋಡದ ತಂಡಗಳ ರೆಕಾರ್ಡುಗಳನ್ನು ಹಂಚುವುದು, ತಾವೇ ಹೊರತರುವುದು ಅದರ ಕಸುಬು. ತಂಡ ಹೋದರೂ ಮಾರುವ ದಾರಿ ಕೈಯಲ್ಲಿದ್ದರೆ ಮುಂದಿನ ಆಲ್ಬಂಗೆ ಯಾರ ಬಾಗಿಲೂ ಕಾಯಬೇಕಿಲ್ಲ.

ಪ್ರಶ್ನೆ: ಕಟ್ಲರ್ ಡ್ರಮ್ಮಿಗೆ ಕಾಂಟ್ಯಾಕ್ಟ್ ಮೈಕ್ (ವಾದ್ಯಕ್ಕೇ ತಾಗಿ ಕಂಪನ ಹಿಡಿಯುವ ಮೈಕ್) ಅಂಟಿಸಿ, ಸಣ್ಣ ಮಿಕ್ಸರ್ ಮತ್ತು ಸದ್ದು ಬದಲಿಸುವ ಎಫೆಕ್ಟ್ ಪೆಡಲ್‌ಗಳ ಮೂಲಕ ನುಡಿಸುತ್ತಾರಂತೆ. ಪೀಜೋ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿಸುವ ತೆಳು ತಟ್ಟೆ) ತಂದು ಮಾಡಿ ನೋಡಿದೆ. ಸದ್ದು ತಗಡಿನ ಡಬ್ಬ ಬಡಿದಂತಿದೆ, ಏಕೆ? – ಓದುಗರು, ಹುಬ್ಬಳ್ಳಿ

ಉತ್ತರ: ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಿದ್ದೀರಿ, ಅಲ್ಲವೇ? ಪೀಜೋಗೆ ಸುಮಾರು 1 ಮೆಗಾಓಮ್ ರೋಧವಿರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ಬೇಸ್ ಅಲ್ಲೇ ಸೋರಿಹೋಗುತ್ತದೆ. ನಡುವೆ ಬಫರ್ (ಈ ರೋಧ ಹೊಂದಿಸುವ ಸರ್ಕ್ಯೂಟ್) ಇರುವ ಗಿಟಾರ್ ಪೆಡಲ್ ಅಥವಾ ಅದೇ ಕೆಲಸ ಮಾಡುವ ಆ್ಯಕ್ಟಿವ್ ಡಿಐ ಬಾಕ್ಸ್ ಹಾಕಿ.

27 ಮಿ.ಮೀ. ಬಿಲ್ಲೆ ಸಾಕು. ಶೀಲ್ಡೆಡ್ ವೈರಿನ ಒಳತಂತಿ ನಡುವಿನ ಬಿಳಿ ಭಾಗಕ್ಕೆ, ಜಾಲರಿ ಹಿತ್ತಾಳೆ ಅಂಚಿಗೆ. ಬೆಸುಗೆಯ ಕಡ್ಡಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ಬಿಳಿಯ ಮೇಲಿನ ಬೆಳ್ಳಿ ಪದರ ಎದ್ದುಬರುತ್ತದೆ, ಬಿಲ್ಲೆ ಕಸದ ಬುಟ್ಟಿಗೆ. ಸಿಂಬಲ್ಲಿಗಾದರೆ ತಳಭಾಗದಲ್ಲಿ, ನಡುವಿನ ಉಬ್ಬಿನ ಹತ್ತಿರ, ಮಧ್ಯೆ ಇನ್ಸುಲೇಷನ್ ಟೇಪ್ ಕೊಟ್ಟು ಅಂಟಿಸಿ; ಇಲ್ಲದಿದ್ದರೆ ಹಿತ್ತಾಳೆಗೆ ಲೋಹ ತಾಗಿ ಗುಂಯ್ ಎನ್ನಬಹುದು. ಸ್ನೇರ್ ಡ್ರಮ್ಮಿನಲ್ಲಿ ಅಂಚಿನಿಂದ ಮೂರ್ನಾಲ್ಕು ಸೆಂ.ಮೀ. ಒಳಗೆ, ಕೋಲು ಬೀಳದ ಕಡೆ. ವೈರನ್ನೂ ಅಂಚಿಗೆ ಟೇಪ್ ಮಾಡಿ, ಇಲ್ಲದಿದ್ದರೆ ಮೊದಲು ಕಿತ್ತುಬರುವುದು ಬೆಸುಗೆಯೇ.

ಜೋರಾಗಿ ಹೊಡೆದರೆ ಪೀಜೋ ಹಲವು ವೋಲ್ಟ್ ಉಗುಳುತ್ತದೆ. ಮಿಕ್ಸರಿನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಸೊನ್ನೆಯಿಂದ ಏರಿಸಿ. ಸ್ಪೀಕರ್ ಡ್ರಮ್ಮಿನ ಎದುರಿಗೇ ಇದ್ದು ಡಿಲೇ ಪೆಡಲ್ (ಸದ್ದನ್ನು ತಡವಾಗಿ ಮರುಕಳಿಸುವ ಪೆಡಲ್) ಸುತ್ತುತ್ತಿದ್ದರೆ ಸ್ಪೀಕರ್ ಕೂಗುವುದು ಖಚಿತ. ಸ್ಪೀಕರ್ ಪಕ್ಕಕ್ಕೆ ತಿರುಗಿಸಿ, ಡಿಲೇಯ ಫೀಡ್‌ಬ್ಯಾಕ್ ಗುಬುಟು ಅರ್ಧಕ್ಕಿಂತ ಕೆಳಗಿಡಿ.